ಸರ್ವರ್‌ರಹಿತ ವೇದಿಕೆಗಳ ಪರಸ್ಪರ ಹೊಂದಾಣಿಕೆ

ಹಿಂದೂಪುರದ ಹುಣಸೆ ಮಾರುಕಟ್ಟೆಗೆ ಲಾರಿ ಬಂದಾಗ ಹಮಾಲರು ಸೇರುತ್ತಾರೆ. ಇಳಿಸಿದ ಮೂಟೆಗಳ ಲೆಕ್ಕದಲ್ಲಿ ಕೂಲಿ ಸಲ್ಲುತ್ತದೆ. ಸರ್ವರ್‌ರಹಿತ ಗಣಕವ್ಯವಸ್ಥೆಯ ತತ್ತ್ವವೂ ಇದೇ. ಹೆಸರು ತುಸು ದಾರಿ ತಪ್ಪಿಸುವಂಥದು. ಸರ್ವರ್ ಇದ್ದೇ ಇರುತ್ತದೆ. ಆದರೆ ‘ಫಂಕ್ಷನ್’ ಎಂಬ ಸಣ್ಣ ಕ್ರಮವಿಧಿಯು ಕೆಲಸ ಬಂದಾಗಲಷ್ಟೇ ಎಚ್ಚೆತ್ತು, ಅದನ್ನು ಮುಗಿಸಿ ವಿರಮಿಸುತ್ತದೆ.

ಇಂಥ ಫಂಕ್ಷನ್‌ಗಳನ್ನು ನಡೆಸುವ ಮುಕ್ತ ತಂತ್ರಾಂಶ ವೇದಿಕೆಗಳು ಹಲವು. ಐಬಿಎಂ ಆರಂಭಿಸಿದ ಓಪನ್‌ವ್ಹಿಸ್ಕ್ 2016ರಲ್ಲಿ, ಗೂಗಲ್ ಆರಂಭಿಸಿದ ಕೆ-ನೇಟಿವ್ 2018ರಲ್ಲಿ ಬಂದವು. ಇವುಗಳ ಒಳರಚನೆ ಬೇರೆಬೇರೆ. ಒಂದಕ್ಕಾಗಿ ಸಿದ್ಧಪಡಿಸಿದ ಫಂಕ್ಷನ್ ಇನ್ನೊಂದರಲ್ಲಿ ಹಾಗೆಯೇ ನಡೆಯುವ ಭರವಸೆಯಿಲ್ಲ. ಕಲ್ಯಾಣದುರ್ಗದ ಕನ್ನಡ ಮಾಧ್ಯಮ ಶಾಲೆಯೊಂದರ ಅಂಕಪಟ್ಟಿ ಕೆ-ನೇಟಿವ್‌ನಲ್ಲಿ ಸಿದ್ಧವಾಗಿ, ಹಿಂದೂಪುರದಲ್ಲಿ ಓಪನ್‌ವ್ಹಿಸ್ಕ್‌ಗೆ ತಲುಪಬೇಕೆಂದು ಭಾವಿಸಿದರೆ, ಅವೆರಡೂ ಮಾತನಾಡಿಕೊಳ್ಳುವುದು ಹೇಗೆ?

ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪ್ರಶ್ನೆಪತ್ರಿಕೆಯು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುವುದನ್ನು ಅನೇಕ ಶಿಕ್ಷಕರು ಬಲ್ಲರು. ಎಲ್ಲರೂ ಒಂದೇ ತಂತ್ರಾಂಶವನ್ನು ಬಳಸಿದ್ದರಿಂದ ಆ ತೊಡಕು ನೀಗಲಿಲ್ಲ. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಗದಿಪಡಿಸಿತು. ತೆಲುಗು ಮತ್ತು ಕನ್ನಡಗಳಿಗೆ ಅಲ್ಲಿ 128 ಸ್ಥಾನಗಳ ಎರಡು ಖಂಡಗಳು ಅಕ್ಕಪಕ್ಕದಲ್ಲಿಯೇ ದೊರೆತಿವೆ.

ಸರ್ವರ್‌ರಹಿತ ವೇದಿಕೆಗಳಿಗೆ ಅಂಥದೇ ಒಪ್ಪಂದ ‘ಕ್ಲೌಡ್‌ಇವೆಂಟ್ಸ್’. ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಆಶ್ರಯದಲ್ಲಿ ರೂಪುಗೊಂಡ ಇದರ 1.0 ಆವೃತ್ತಿ 2019ರಲ್ಲಿ ಪ್ರಕಟವಾಯಿತು. ಇದನ್ನು ಸಂದೇಶದ ಲಕೋಟೆ ಎನ್ನಬಹುದು. ಅದರ ಮೇಲೆ ನಾಲ್ಕು ವಿವರಗಳು ಕಡ್ಡಾಯ: ಸಂದೇಶದ ಗುರುತು, ಹೊರಟ ಮೂಲ, ಘಟನೆಯ ಬಗೆ, ಒಪ್ಪಂದದ ಆವೃತ್ತಿ. ಸಂಪರ್ಕ ಕಡಿದು ಒಂದೇ ಅಂಕಪಟ್ಟಿ ಎರಡು ಬಾರಿ ರವಾನೆಯಾದರೂ, ಮೂಲ ಮತ್ತು ಗುರುತುಗಳನ್ನು ಹೋಲಿಸಿ ಎರಡನೆಯದನ್ನು ಬದಿಗಿರಿಸಲು ಸಾಧ್ಯ. ಕೆ-ನೇಟಿವ್ ಈ ಲಕೋಟೆಯನ್ನು ಸಹಜವಾಗಿಯೇ ಬಳಸುತ್ತದೆ. ಓಪನ್‌ವ್ಹಿಸ್ಕ್‌ನಲ್ಲಿ ಅದನ್ನು ಓದುವ ಕೆಲಸವನ್ನು ಫಂಕ್ಷನ್ನಿಗೇ ವಹಿಸಬಹುದು. ಕೂಬ್‌ಲೆಸ್ ಎಂಬ ವೇದಿಕೆಯ ಪೋಷಣೆ ಈಗಾಗಲೇ ನಿಂತುಹೋಗಿದೆ. ಹೀಗಿರುವಾಗ, ವೇದಿಕೆ ಬದಲಾದರೂ ಉಳಿಯುವ ಲಕೋಟೆಯ ಬೆಲೆ ಸಣ್ಣದಲ್ಲ.

ಆದರೆ ಲಕೋಟೆಯೊಳಗಿನ ಕಾಗದದ ಅರ್ಥವನ್ನು ಈ ಒಪ್ಪಂದ ನಿರ್ಧರಿಸುವುದಿಲ್ಲ. ಕನ್ನಡ ಶಾಲೆಯು ‘ಪ್ರಥಮ ಭಾಷೆ’ ಎಂದು ಕಳುಹಿಸಿದ ಅಂಕಗಳನ್ನು, ಪ್ರಥಮ ಭಾಷೆಯೆಂದರೆ ತೆಲುಗೇ ಎಂದು ತಿಳಿದ ಫಂಕ್ಷನ್ ತೆಲುಗಿನ ಅಂಕಣದಲ್ಲಿ ಬರೆದೀತು. ಸಂದೇಶ ಸುರಕ್ಷಿತವಾಗಿ ತಲುಪಿರುತ್ತದೆ, ಯಾವ ದೋಷಸೂಚನೆಯೂ ಬರುವುದಿಲ್ಲ. ಮಗು ಕಲಿತ ಕನ್ನಡ ಮಾತ್ರ ದಾಖಲೆಯಲ್ಲಿರುವುದಿಲ್ಲ. ಆದುದರಿಂದ ಒಳಗಿನ ನಮೂನೆಯನ್ನು ಗೊತ್ತುಪಡಿಸುವಾಗಲೇ ಭಾಷೆಗೆ ಪ್ರತ್ಯೇಕ ಅಂಕಣವಿರಬೇಕೆಂದು ಶಿಕ್ಷಕರು ಕೇಳುವುದು ಯುಕ್ತ. ಅಂತಾರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ಕನ್ನಡಕ್ಕೆ ‘ಕೆಎನ್’, ತೆಲುಗಿಗೆ ‘ಟಿಇ’ ಎಂಬ ಎರಡಕ್ಷರದ ಗುರುತುಗಳು ಸಿದ್ಧವಾಗಿಯೇ ಇವೆ.