ಕಂಕುಳಿನ ಹಳದಿ ಕಲೆ

ಬಿಳಿ ಅಂಗಿಯ ಕಂಕುಳಲ್ಲಿ ಮೂಡುವ ಹಳದಿ ಪಟ್ಟೆಗೆ ಬೆವರಿನ ಕಲೆ ಎಂಬ ಹೆಸರು ನಿಂತುಬಿಟ್ಟಿದೆ. ಆದರೆ ಬೆವರಿಗೆ ಬಣ್ಣವೇ ಇಲ್ಲ. ಬಿಸಿಲಿನಲ್ಲಿ ಗೇಯುವವರ ಬೆನ್ನಿನ ಮೇಲೆ ಬೆವರು ಧಾರೆಯಾಗಿ ಹರಿದು ಆರಿದಾಗ ಅಂಗಿಯಲ್ಲಿ ಉಳಿಯುವುದು ಉಪ್ಪಿನ ಬಿಳಿ ಗೆರೆ. ಒಮ್ಮೆ ನೀರಿಗೆ ಅದ್ದಿದರೆ ಅದು ಹೊರಟುಹೋಗುತ್ತದೆ. ಹಟ ಹಿಡಿದು ಕೂರುವ ಹಳದಿ ಬಣ್ಣ ಕಾಣುವುದು ಹೆಚ್ಚಾಗಿ ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವವರ, ಬೆಳಿಗ್ಗೆ ಸ್ನಾನ ಮಾಡಿ ಕಂಕುಳಿಗೆ ಬೆವರು ತಡೆಯುವ ರೋಲ್-ಆನ್ ಸವರಿಕೊಂಡು ಹೊರಡುವವರ ಅಂಗಿಯಲ್ಲಿ. ಕಲೆಯ ಗುಟ್ಟು ಈ ವ್ಯತ್ಯಾಸದಲ್ಲೇ ಇದೆ.

ಮನುಷ್ಯನ ಚರ್ಮದಲ್ಲಿ ಎರಡು ಮುಖ್ಯ ಬಗೆಯ ಬೆವರು ಗ್ರಂಥಿಗಳಿವೆ. ಮೈತುಂಬ ಹರಡಿರುವ ಎಕ್ರೈನ್ ಗ್ರಂಥಿಗಳ ಸಂಖ್ಯೆ 20ರಿಂದ 40 ಲಕ್ಷ. ಅವು ಸುರಿಸುವುದು ನೂರಕ್ಕೆ ಸುಮಾರು 99 ಭಾಗ ನೀರು, ಉಳಿದಂತೆ ಉಪ್ಪು ಮತ್ತು ಅಲ್ಪಸ್ವಲ್ಪ ಯೂರಿಯಾ, ಲ್ಯಾಕ್ಟಿಕ್ ಆಮ್ಲ. ಕಂಕುಳು, ತೊಡೆಸಂದಿಗಳಲ್ಲಿ ದಟ್ಟವಾಗಿರುವ ಅಪೊಕ್ರೈನ್ ಗ್ರಂಥಿಗಳು ಹರೆಯ ಬಂದ ಮೇಲಷ್ಟೇ ಕೆಲಸ ಶುರು ಮಾಡುತ್ತವೆ. ಅವುಗಳ ಸ್ರಾವದಲ್ಲಿ ಪ್ರೋಟೀನು, ಕೊಬ್ಬು ಇರುತ್ತವೆ. ಅದಕ್ಕೆ ವಾಸನೆ ಬರುವುದು ಚರ್ಮದ ಬ್ಯಾಕ್ಟೀರಿಯಾಗಳು ಅದನ್ನು ಒಡೆದ ನಂತರ. ನಿಜಕ್ಕೂ ಬಣ್ಣದ ಬೆವರು ಬೇಕೆಂದರೆ ನೀರಾನೆಯ ಹತ್ತಿರ ಹೋಗಬೇಕು. ಅದರ ಮೈಯಿಂದ ಒಸರುವ ದ್ರವ ಕೆಂಪಗಾಗುತ್ತದೆ. ಅದರಲ್ಲಿರುವ ಕೆಂಪು, ಕಿತ್ತಳೆ ವರ್ಣದ್ರವ್ಯಗಳನ್ನು 2004ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಬಿಸಿಲನ್ನೂ ಸೋಂಕನ್ನೂ ತಡೆಯುವ ಈ ದ್ರವ ನೀರಾನೆಯ ಔಷಧದ ಲೇಪ. ಮನುಷ್ಯರಲ್ಲಿ ಬಣ್ಣದ ಬೆವರು ಬಹಳ ಅಪರೂಪದ ಕಾಯಿಲೆ.

ಹಳದಿ ಕಲೆ ಎಂದರೆ ದೇಹದ 'ಉಷ್ಣ' ಹೊರಬಿದ್ದ ಗುರುತು, ಒಳಗಿನ ವಿಷ ಬೆವರಾಗಿ ಇಳಿದ ಸಾಕ್ಷಿ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ಇದರ ಹೆಸರಿನಲ್ಲಿ ಕಷಾಯ, ಪುಡಿ, ಪಟ್ಟಿಗಳ ವ್ಯಾಪಾರವೂ ನಡೆಯುತ್ತಿದೆ. ಆ ಮಾತು ಶುದ್ಧ ಸುಳ್ಳು. ರಕ್ತದ ಕಲ್ಮಶಗಳನ್ನು ಸಂಭಾಳಿಸುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಬೆವರಿನ ಕೆಲಸ ಮೈ ತಂಪು ಮಾಡುವುದು. ಅಂಗಿಯ ಬಣ್ಣ ನೋಡಿ ಆರೋಗ್ಯ ಹೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಹಾಗಾದರೆ ಹಳದಿ ಎಲ್ಲಿಂದ ಬಂತು? ಒಂದು ಪಾಲು ಚರ್ಮದ ಎಣ್ಣೆಯಿಂದ. ರೋಮದ ಬುಡದ ಗ್ರಂಥಿಗಳಿಂದ ಒಸರುವ ಜಿಡ್ಡಿನಲ್ಲಿ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಸ್ಕ್ವಾಲೀನ್ ಎಂಬ ಎಣ್ಣೆ ಇರುತ್ತದೆ. ಶಾರ್ಕ್ ಮೀನಿನ ಯಕೃತ್ತಿನಲ್ಲಿ ಹೇರಳವಾಗಿ ಸಿಗುವುದೂ ಇದೇ ಎಣ್ಣೆ. ಇದರ ಅಣುವಿನಲ್ಲಿ ಆರು ಕಡೆ ದ್ವಿಬಂಧಗಳಿವೆ. ಆರೂ ಕಡೆ ಗಾಳಿಯ ಆಮ್ಲಜನಕಕ್ಕೆ ಬಾಗಿಲು ತೆರೆದೇ ಇರುತ್ತದೆ. ಆಮ್ಲಜನಕ ಸೇರುತ್ತ ಹೋದಂತೆ ಎಣ್ಣೆ ಕಮಟಿ ಹಳದಿಗೆ ತಿರುಗುತ್ತದೆ. ಒಗೆದು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟ ಬಿಳಿ ಅಂಗಿ ವರ್ಷದ ನಂತರ ತೆಗೆದಾಗ ಕಾಲರಿನಲ್ಲೂ ಕಂಕುಳಲ್ಲೂ ಹಳದಿಯಾಗಿರುವುದಕ್ಕೆ ಇದೇ ಕಾರಣ. ಇಡುವಾಗಲೇ ನೂಲಿನಲ್ಲಿ ಎಣ್ಣೆ ಉಳಿದಿತ್ತು, ಆಗ ಅದಕ್ಕೆ ಬಣ್ಣ ಇರಲಿಲ್ಲ, ಅಷ್ಟೆ.

ಇನ್ನೊಂದು ಪಾಲು ಅಲ್ಯೂಮಿನಿಯಂನದು, ಕಥೆಯ ಸ್ವಾರಸ್ಯವಿರುವುದೂ ಅಲ್ಲೇ. ಡಿಯೋಡರೆಂಟ್ ವಾಸನೆಯನ್ನಷ್ಟೇ ತಡೆಯುತ್ತದೆ. ಬೆವರನ್ನೇ ತಡೆಯುವುದು ಆಂಟಿಪರ್ಸ್ಪಿರಂಟ್, ಅದರ ಜೀವಾಳ ಅಲ್ಯೂಮಿನಿಯಂನ ಲವಣ. ಬೆವರು ನಾಳದೊಳಗೆ ಇಳಿದ ಲವಣ ಅಲ್ಲಿನ ಪ್ರೋಟೀನಿನೊಂದಿಗೆ ಸೇರಿ ಲೋಳೆಯ ಬೆಣೆಯಾಗಿ ನಾಳವನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಅಮೆರಿಕದಲ್ಲಿ 1903ರ ಸುಮಾರಿಗೇ ಇಂಥ ದ್ರವ ಮಾರುಕಟ್ಟೆಗೆ ಬಂದಿತ್ತು. ಎಡ್ನಾ ಮರ್ಫಿ ಎಂಬ ಯುವತಿ ಶಸ್ತ್ರವೈದ್ಯನಾದ ತನ್ನ ತಂದೆ ಅಂಗೈ ಬೆವರದಿರಲೆಂದು ತಯಾರಿಸಿಕೊಂಡಿದ್ದ ದ್ರವವನ್ನು 'ಓಡೊರೋನೊ' ಎಂಬ ಹೆಸರಿನಲ್ಲಿ 1912ರಲ್ಲಿ ಅಟ್ಲಾಂಟಿಕ್ ಸಿಟಿಯ ಪ್ರದರ್ಶನದಲ್ಲಿ ಮಾರಿದಳು. ಅದು ಎಷ್ಟು ಆಮ್ಲೀಯವಾಗಿತ್ತೆಂದರೆ ಚರ್ಮ ಉರಿಯುತ್ತಿತ್ತು, ಬಟ್ಟೆ ತಿಂದುಹೋಗುತ್ತಿತ್ತು. 1940ರ ದಶಕದ ನಂತರ ಸೌಮ್ಯವಾದ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಬಂದು ಬಟ್ಟೆ ಹರಿಯುವುದು ನಿಂತಿತು. ಕಲೆ ಮಾತ್ರ ನಿಲ್ಲಲಿಲ್ಲ.

ಅದು ನಿಲ್ಲದಿರಲು ಕಾರಣವನ್ನು ಬಣ್ಣಗಾರರನ್ನು ಕೇಳಬೇಕು. ಹತ್ತಿಯ ನೂಲಿಗೆ ಮಂಜಿಷ್ಠದಂಥ ಬೇರಿನ ಬಣ್ಣ ತಾನಾಗಿ ಹಿಡಿಯುವುದಿಲ್ಲ, ತೊಳೆದರೆ ಇಳಿದುಹೋಗುತ್ತದೆ. ಅದಕ್ಕೇ ಬಣ್ಣಗಾರರು ನೂಲನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಅದೇ ಪಟಿಕ, ಅಲ್ಯೂಮಿನಿಯಂನ ಲವಣ. ಅಲ್ಯೂಮಿನಿಯಂ ಒಂದು ಕೈಯಿಂದ ನೂಲನ್ನೂ ಇನ್ನೊಂದು ಕೈಯಿಂದ ಬಣ್ಣದ ಅಣುವನ್ನೂ ಹಿಡಿದುಕೊಂಡು ಬಿಡದೆ ನಿಲ್ಲುತ್ತದೆ. ಪಠ್ಯಪುಸ್ತಕಗಳು ಇದನ್ನು ವರ್ಣಬಂಧಕ ಎನ್ನುತ್ತವೆ. 18ನೇ ಶತಮಾನದಲ್ಲಿ ಯುರೋಪಿನ ಗಿರಣಿಗಳು ದುಡ್ಡು ಸುರಿದು ಕಲಿತುಕೊಂಡ 'ಟರ್ಕಿ ಕೆಂಪು' ಎಂಬ ಬಣ್ಣದ ವಿಧಾನ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಅದರಲ್ಲಿ ಹತ್ತಿಗೆ ಮೊದಲು ಕಮಟಿದ ಎಣ್ಣೆ, ಆಮೇಲೆ ಪಟಿಕ, ಕೊನೆಗೆ ಬೇರಿನ ರಸ. ವಾರಗಟ್ಟಲೆ ಹಿಡಿಯುವ ಈ ಕ್ರಮದಲ್ಲಿ ಎಣ್ಣೆಯ ಕೊಬ್ಬಿನಾಮ್ಲ ಮತ್ತು ಅಲ್ಯೂಮಿನಿಯಂ ನೂಲಿನೊಳಗೇ ಕೂಡಿಕೊಂಡು, ಬಿಸಿಲಿಗೂ ಒಗೆತಕ್ಕೂ ಜಗ್ಗದ ಕೆಂಪನ್ನು ಕೊಡುತ್ತಿದ್ದವು.

ರೋಲ್-ಆನ್ ಹಚ್ಚಿ ಹತ್ತಿಯ ಅಂಗಿ ತೊಟ್ಟವರ ಕಂಕುಳಲ್ಲಿ ದಿನವೂ ನಡೆಯುವುದು ಹೆಚ್ಚುಕಡಿಮೆ ಇದೇ ವಿದ್ಯೆ. ಎಣ್ಣೆ ಚರ್ಮದ್ದು, ಅಲ್ಯೂಮಿನಿಯಂ ಸೀಸೆಯದು, ಪ್ರೋಟೀನು ಬೆವರಿನದು. ಅಂಗಿ ತೊಟ್ಟಿರುವಷ್ಟು ಹೊತ್ತು ಬೆವರಿನ ಹುಳಿಯಲ್ಲಿ ಅಲ್ಯೂಮಿನಿಯಂ ಬಹುಮಟ್ಟಿಗೆ ಕರಗಿಯೇ ಇರುತ್ತದೆ. ಸಂಜೆ ಬಟ್ಟೆ ಸೋಪು ತಿಕ್ಕಿದೊಡನೆ ಎಲ್ಲ ಬದಲಾಗುತ್ತದೆ: ಸೋಪಿನ ಕ್ಷಾರಕ್ಕೆ ಅಲ್ಯೂಮಿನಿಯಂ ಕರಗದ ಹೈಡ್ರಾಕ್ಸೈಡ್ ಆಗಿ ನೂಲಿನಲ್ಲೇ ಕೂರುತ್ತದೆ, ಕೊಬ್ಬಿನಾಮ್ಲದೊಂದಿಗೆ ಸೇರಿ ನೀರಿಗೆ ಬಗ್ಗದ ಅಲ್ಯೂಮಿನಿಯಂ ಸೋಪಾಗುತ್ತದೆ. ಹಿಂದೆ ಡೇರೆಯ ಬಟ್ಟೆಗೆ ಮಳೆನೀರು ಇಳಿಯದಂತೆ ಮಾಡಲು ಸೋಪಿನ ನೀರು, ಪಟಿಕದ ನೀರು ಒಂದರ ಮೇಲೊಂದು ಕುಡಿಸುತ್ತಿದ್ದುದೂ ಇದೇ ಪದಾರ್ಥಕ್ಕಾಗಿ. ಹಳೆಯ ಅಂಗಿಯ ಕಂಕುಳು ಮುಟ್ಟಿದರೆ ಗಡಸಾಗಿ, ಹಪ್ಪಳಗಟ್ಟಿದಂತೆ ಇರುವುದೇಕೆ, ಅಲ್ಲಿ ಬಿಟ್ಟ ನೀರಿನ ಹನಿ ಅನೇಕ ವೇಳೆ ಪಕ್ಕದ ಬಟ್ಟೆಯಷ್ಟು ಬೇಗ ಇಂಗುವುದಿಲ್ಲವೇಕೆ ಎಂಬುದು ಈಗ ಸ್ಪಷ್ಟ. ಎಷ್ಟು ತಿಕ್ಕಿದರೂ ಹೋಗದ ಕಲೆ, ಭಾಗಶಃ ತಿಕ್ಕಿದ್ದರಿಂದಲೇ ನಿಂತ ಕಲೆ.

ಹಳೆಯ ಕಾಲದ ಒಗೆತಕ್ಕೆ ಈ ತೊಡಕು ಇರಲಿಲ್ಲ. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಚೌಳಿನ ಸೋಡ, ಹಬೆಯ ಬಿಸಿ ಎರಡೂ ಸೇರಿ ಮೈಜಿಡ್ಡನ್ನು ಸೋಪಾಗಿಸಿ ಬಿಡಿಸುತ್ತಿದ್ದವು. ಅದು ಅಚ್ಚುಕಟ್ಟಾದ ರಸಾಯನ ವಿಜ್ಞಾನ, ಆದರೆ ಅಲ್ಯೂಮಿನಿಯಂ ಇಲ್ಲದ ಕಂಕುಳಿಗೆ ಹೊಂದುವಂಥದ್ದು. ಇಂದಿನ ಕಲೆಗೆ ಮೊದಲು ಬೇಕಾದದ್ದು ಕ್ಷಾರವಲ್ಲ, ಹುಳಿ.

ಬಿಳಿ ಹತ್ತಿ ಅಂಗಿಯಾದರೆ ಕಲೆಯಾದ ಭಾಗವನ್ನು ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಬೇಕು. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲದ ಹರಳು ಇನ್ನೂ ಮೇಲು. ಅದು ಅಲ್ಯೂಮಿನಿಯಂ ಅನ್ನು ಕರಗಿಸುವುದಷ್ಟೇ ಅಲ್ಲದೆ ಸುತ್ತಲಿಂದ ಹಿಡಿದು ನೀರಿಗೆ ಎಳೆದುಕೊಂಡು ಹೋಗುತ್ತದೆ. ಒಂದು ಲೀಟರು ನೀರಿಗೆ ಒಂದು ದೊಡ್ಡ ಚಮಚ ಸಾಕು. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣನ್ನು ಇಲ್ಲಿಗೆ ತರಬಾರದು, ಅದರ ಕಂದು ಬಣ್ಣವೇ ಹೊಸ ಕಲೆಯಾಗುತ್ತದೆ. ಹುಳಿಯನ್ನು ಪೂರ್ತಿ ಜಾಲಿಸಿ ತೆಗೆಯುವುದು ಮುಖ್ಯ; ಉಳಿದ ಸಿಟ್ರಿಕ್ ಆಮ್ಲದ ಮೇಲೆ ಇಸ್ತ್ರಿ ಓಡಿದರೆ ಹತ್ತಿಯ ನೂಲು ಬಲ ಕಳೆದುಕೊಳ್ಳುತ್ತದೆ.

ಹುಳಿಯ ನಂತರ ಎಂಜೈಮ್ ಇರುವ ಡಿಟರ್ಜೆಂಟಿನ ಸರದಿ. ಜರ್ಮನಿಯ ಓಟೊ ರೋಮ್ 1913ರಲ್ಲಿ ಪ್ರಾಣಿಗಳ ಮೇದೋಜೀರಕದ ಎಂಜೈಮನ್ನು ಬಟ್ಟೆ ಒಗೆಯಲು ಬಳಸಿ ಪೇಟೆಂಟ್ ಪಡೆದಿದ್ದ. ಈಗಿನ ಪುಡಿಗಳಲ್ಲಿ ಪ್ರೋಟೀನು ಕತ್ತರಿಸುವ ಪ್ರೋಟಿಯೇಸ್, ಕೊಬ್ಬು ಕತ್ತರಿಸುವ ಲೈಪೇಸ್ ಸೂಕ್ಷ್ಮಜೀವಿಗಳಿಂದ ಬರುತ್ತವೆ. ಅವುಗಳಿಗೆ ಬೇಕಾದದ್ದು ಉಗುರುಬೆಚ್ಚಗಿನ ನೀರು ಮತ್ತು ಸಮಯ. ಕುದಿಯುವ ನೀರು ಎಂಜೈಮನ್ನು ಕೊಲ್ಲುತ್ತದೆ, ಪ್ರೋಟೀನನ್ನು ನೂಲಿಗೆ ಬೇಯಿಸಿ ಅಂಟಿಸುತ್ತದೆ. ಆಮೇಲೂ ಹಳದಿ ಉಳಿದರೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್. ನೀರಿನಲ್ಲಿ ಅದು ಹೈಡ್ರೊಜನ್ ಪೆರಾಕ್ಸೈಡ್ ಬಿಡುಗಡೆ ಮಾಡಿ ಹಳದಿಯ ಅಣುಗಳನ್ನು ಮುರಿಯುತ್ತದೆ. ಇದಕ್ಕೆ 40 ಡಿಗ್ರಿಗಿಂತ ಬಿಸಿಯಾದ ನೀರು, ಒಂದೆರಡು ಗಂಟೆ ನೆನೆ ಬೇಕು. ಕಲೆ ಹೋಗಿದೆಯೆಂದು ಖಾತ್ರಿಯಾಗುವವರೆಗೆ ಇಸ್ತ್ರಿ ಮುಟ್ಟಿಸಬಾರದು.

ಬಿಳಿ ಬಟ್ಟೆ ಎಂದೊಡನೆ ಕ್ಲೋರಿನ್ ಬ್ಲೀಚಿಗೆ ಕೈ ಹಾಕುವುದು ದೊಡ್ಡ ತಪ್ಪು. ಅದು ಬೆವರಿನ ಪ್ರೋಟೀನಿನೊಂದಿಗೆ ಸೇರಿ ಹಳದಿಯನ್ನು ಹೆಚ್ಚಿಸಬಲ್ಲದು, ನೂಲನ್ನೂ ಸವೆಸುತ್ತದೆ. ಅದಕ್ಕೆ ವಿನೆಗರ್ ಅಥವಾ ನಿಂಬೆ ಉಪ್ಪು ತಾಗಿದರಂತೂ ವಿಷಾನಿಲವಾದ ಕ್ಲೋರಿನ್ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಪ್ರಾಣಾಪಾಯ. ನೀಲಿ ಹಾಕುವುದರಿಂದ ಅಪಾಯವಿಲ್ಲ, ಆದರೆ ಕಲೆ ಹೋಗುವುದೂ ಇಲ್ಲ. ಹಳದಿಯ ಮೇಲೆ ನೀಲಿ ಬಿದ್ದು ಕಣ್ಣಿಗೆ ಬಿಳಿಯೆನಿಸುತ್ತದೆ, ಅಷ್ಟೆ.

ವಿನೆಗರಿಗೆ ಅಡುಗೆ ಸೋಡ ಸುರಿದು ನೊರೆ ಎಬ್ಬಿಸುವ ಉಪಾಯ ಇಂದು ಬಲು ಜನಪ್ರಿಯ. ನೊರೆ ನೋಡಲು ಚೆನ್ನ. ಕೊಳೆ ಕುದಿದು ಹೊರಬರುತ್ತಿದೆ ಎನಿಸುತ್ತದೆ. ವಾಸ್ತವದಲ್ಲಿ ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ, ಬಕೆಟ್ಟಿನಲ್ಲಿ ಉಳಿಯುವುದು ಸೋಡಿಯಂ ಅಸಿಟೇಟಿನ ಸಪ್ಪೆ ನೀರು. ಬೇರೆಬೇರೆಯಾಗಿ ಬಳಸಿದ್ದರೆ ಎರಡೂ ಸ್ವಲ್ಪ ಕೆಲಸ ಮಾಡುತ್ತಿದ್ದವು. ಸೇರಿಸಿದಾಗ ಎರಡೂ ವ್ಯರ್ಥ.

ಕೊಳವೆಬಾವಿಯ ಗಡಸು ನೀರಿರುವ ಕೋಲಾರದಂಥ ಕಡೆ ಇನ್ನೊಂದು ತೊಂದರೆ ಇದೆ. ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಕಿಟ್ಟವಾಗಿ ಹೊಲಿಗೆಯ ಸಂದಿಯಲ್ಲಿ ಕೂರುತ್ತದೆ. ಅಲ್ಲಿ ಸೋಪಿಗಿಂತ ಡಿಟರ್ಜೆಂಟೇ ವಾಸಿ. ಪಾಲಿಯೆಸ್ಟರಿನಲ್ಲಿ ಹಳದಿಗಿಂತ ವಾಸನೆಯ ಕಾಟ ಹೆಚ್ಚು: ನೀರನ್ನು ದೂರವಿಡುವ ಆ ನೂಲು ಎಣ್ಣೆಯನ್ನು ಮಾತ್ರ ಬಾಚಿ ತಬ್ಬಿಕೊಳ್ಳುತ್ತದೆ. ವ್ಯಾಯಾಮದ ನಂತರದ ಬಟ್ಟೆಗಳನ್ನು ಪರೀಕ್ಷಿಸಿದ ಬೆಲ್ಜಿಯಂನ ಸಂಶೋಧಕರು, ವಾಸನೆಗೆ ಕಾರಣವಾಗುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆ ಹುಲುಸಾಗಿ ಬೆಳೆದದ್ದನ್ನು 2014ರಲ್ಲಿ ವರದಿ ಮಾಡಿದರು.

ಕಲೆ ಬಾರದಂತೆ ನೋಡಿಕೊಳ್ಳುವುದು ತೆಗೆಯುವುದಕ್ಕಿಂತ ಬಹಳ ಸುಲಭ. ಆಂಟಿಪರ್ಸ್ಪಿರಂಟನ್ನು ಬೆಳಿಗ್ಗೆಯ ಬದಲು ರಾತ್ರಿ, ಒಣಗಿದ ಚರ್ಮಕ್ಕೆ ತೆಳ್ಳಗೆ ಹಚ್ಚುವುದು ಒಳ್ಳೆಯದು. ಬೆವರು ಕಡಿಮೆಯಿರುವ ಹೊತ್ತಿನಲ್ಲಿ ಬೆಣೆ ಚೆನ್ನಾಗಿ ಕೂರುತ್ತದೆ, ಬೆಳಿಗ್ಗೆ ಸ್ನಾನ ಮಾಡಿದರೂ ಪರಿಣಾಮ ಉಳಿಯುತ್ತದೆ, ಹೆಚ್ಚಾದ ಲವಣ ತೊಳೆದುಹೋಗಿ ಅಂಗಿಗೆ ತಾಗುವುದು ಕಡಿಮೆಯಾಗುತ್ತದೆ. ವಾಸನೆಯಷ್ಟೇ ಚಿಂತೆಯಾದರೆ ಅಲ್ಯೂಮಿನಿಯಂ ಇಲ್ಲದ ಡಿಯೋಡರೆಂಟ್ ಸಾಕು. ಸೀಸೆಯ ಹಿಂದಿನ ಸಣ್ಣಕ್ಷರ ಓದಿದರೆ ತಿಳಿಯುತ್ತದೆ. ಅಜ್ಜಂದಿರ ಕಾಲದ ತೋಳಿನ ಬನಿಯನ್ ಅಂಗಿಯನ್ನು ಕಾಪಾಡುವಷ್ಟು ಚೆನ್ನಾಗಿ ತೋಳಿಲ್ಲದ ಬನಿಯನ್ ಕಾಪಾಡದು. ತೊಟ್ಟ ಅಂಗಿಯನ್ನು ವಾರಾಂತ್ಯದವರೆಗೆ ಗೂಟಕ್ಕೆ ನೇತುಹಾಕದೆ ಅಂದೇ ನೀರಿಗೆ ಹಾಕಬೇಕು, ಕಂಕುಳಿನ ಭಾಗವನ್ನು ಒಳಮೈ ಹೊರಗೆ ಮಾಡಿ ಒಗೆಯಬೇಕು.

ರೇಷ್ಮೆಯ ರವಿಕೆಗೆ ಮೇಲಿನ ಎಂಜೈಮ್, ಬ್ಲೀಚುಗಳ ಚಿಕಿತ್ಸೆ ಸಲ್ಲದು. ರೇಷ್ಮೆಯೇ ಪ್ರೋಟೀನು, ಕಲೆ ತಿನ್ನುವ ಪ್ರೋಟಿಯೇಸ್ ನೂಲನ್ನೂ ತಿನ್ನುತ್ತದೆ, ಪರ್‌ಕಾರ್ಬೊನೇಟಿನ ಕ್ಷಾರವೂ ಅದಕ್ಕೆ ಹಾನಿ. ಬಣ್ಣದ ರವಿಕೆಯ ಕಂಕುಳಲ್ಲಿ ಬಣ್ಣವೇ ಬದಲಾಗಿದ್ದರೆ ಅದು ಮೇಲೆ ಕುಳಿತ ಕಲೆಯಲ್ಲ, ಒಳಗಿನ ಬಣ್ಣ ನಾಶವಾದ ಗುರುತು. ಹೋದ ಬಣ್ಣವನ್ನು ಯಾವ ಒಗೆತವೂ ಮರಳಿ ತಾರದು. ಅಂಥ ರವಿಕೆಗೆ ಹೊಲಿಸುವಾಗಲೇ ದರ್ಜಿಗೆ ಹೇಳಿ ಒಳಗೆ ಸ್ವೆಟ್ ಪ್ಯಾಡ್ ಇಡಿಸುವುದೊಂದೇ ದಾರಿ.