ಅಪರ್ಣಾ ಕಲಿಸಿದ ‘ಹ’ಕಾರ

ಸೋದರಿಯರೇ, ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ‘ಅಕ್ಕಿ’ ಎನ್ನಿ. ಆಮೇಲೆ ‘ಹಕ್ಕಿ’ ಎನ್ನಿ. ಎರಡನೆಯ ಸಲ ಅಂಗೈಗೆ ಬೆಚ್ಚಗೆ ಉಸಿರು ತಾಕಿತಲ್ಲವೆ? ತಾಕದಿದ್ದರೆ ನೀವೂ ನನ್ನ ಜಾತಿಯವರೇ ಎಂದುಕೊಳ್ಳಿ, ಮಾತಿನ ಜಾತಿ ಹೇಳುತ್ತಿದ್ದೇನೆ! ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಆದರೂ ಈ ಒಂದು ಅಕ್ಷರ ನನ್ನ ಬಾಯಲ್ಲಿ ನಿಂತದ್ದು ಇಪ್ಪತ್ತು ದಾಟಿದ ಮೇಲೆ. ನಿಲ್ಲಿಸಿದವರು ಅಪರ್ಣಾ. 2024ರ ಜುಲೈ 11ರ ಗುರುವಾರ ರಾತ್ರಿ ತೀರಿಕೊಂಡರಲ್ಲ, ನಿರೂಪಕಿ ಅಪರ್ಣಾ, ಅವರೇ. ಆಕೆ ನನ್ನನ್ನು ಕಂಡವರಲ್ಲ. ನಾನೂ ಆಕೆಯನ್ನು ಎದುರಿಗೆ ಒಮ್ಮೆಯೂ ಕಾಣಲಿಲ್ಲ.

ನನ್ನ ತವರು ಮುಳಬಾಗಿಲಿನ ಕಡೆ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮ ಬೀದಿಯಲ್ಲಿ ಹಸು ‘ಅಸು’, ಹಾಲು ‘ಆಲು’, ಹೂವು ‘ಊವು’. ಎಲ್ಲರೂ ಹಾಗೇ ಅನ್ನುವಾಗ ಅದು ತಪ್ಪೆಂದು ಯಾರಿಗೆ ಗೊತ್ತಾಗಬೇಕು? ಗೊತ್ತಾದದ್ದು ಮದುವೆಯಾಗಿ ಕೆ.ಆರ್. ಪುರಕ್ಕೆ ಬಂದ ಮೇಲೆ. ಮಾವನವರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿದ್ದವರು, ಮಾತಿನಲ್ಲಿ ಶಿಸ್ತು. ಬಂದ ಮೂರನೆಯ ದಿನವೇ ನಾದಿನಿ ಕೇಳಿದಳು, “ಅತ್ತಿಗೆ, ನಿಮ್ಮೂರಲ್ಲಿ ಅಸು ಎಷ್ಟು ಆಲು ಕೊಡ್ತದೆ?” ಎಲ್ಲರೂ ನಕ್ಕರು. ಅವಳು ಕೆಟ್ಟವಳಲ್ಲ, ಹುಡುಗಾಟದ ವಯಸ್ಸು. ಆದರೆ ಹೊಸ ಸೊಸೆಗೆ ಆ ನಗು ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕೆ? ಅಂದಿನಿಂದ ಮನೆಗೆ ಯಾರಾದರೂ ಬಂದರೆ ನಾನು ಕಾಫಿ ಲೋಟ ಇಟ್ಟು ಒಳಕ್ಕೆ ಹೋಗಿಬಿಡುತ್ತಿದ್ದೆ. ಬಹಳ ಸಾಧು ಹುಡುಗಿ ಎಂದು ಬಂದವರು ಹೊಗಳುತ್ತಿದ್ದರು. ಸಾಧುವೂ ಇಲ್ಲ, ಸಂತಳೂ ಇಲ್ಲ. ಬಾಯಿ ಬಿಟ್ಟರೆ ಹಕಾರ ಬೀಳುತ್ತದೆಂಬ ಭಯ!

ಅಡುಗೆಮನೆಯ ಕಿಟಕಿಯ ಮೇಲೆ ಒಂದು ಪುಟ್ಟ ರೇಡಿಯೊ ಇತ್ತು. ಗಂಡಸರಿಗೆ ರೇಡಿಯೊ ಅಂದರೆ ವಾರ್ತೆ, ಇಲ್ಲವೇ ಕ್ರಿಕೆಟ್ಟಿನ ವೀಕ್ಷಕ ವಿವರಣೆ. ಆ ದನಿಗಳನ್ನು ಅವರು ಇವತ್ತಿಗೂ ನೆನೆಸಿಕೊಂಡು ಕೂರುತ್ತಾರೆ. ನನಗೆ ಎಫ್.ಎಂ.ನಲ್ಲಿ ಬರುತ್ತಿದ್ದ ಅಪರ್ಣಾ. ತವರಿನಲ್ಲಿರುವಾಗಲೇ ದೂರದರ್ಶನದಲ್ಲಿ ಆಕೆಯನ್ನು ಕಂಡಿದ್ದೆ. ಆದರೆ ಆಗ ನನ್ನ ಕಣ್ಣೆಲ್ಲ ಸೀರೆಯ ಮೇಲೆ, ಕಿವಿಯ ಓಲೆಯ ಮೇಲೆ. ರೇಡಿಯೊದಲ್ಲಿ ಸೀರೆ ಕಾಣಿಸುವುದಿಲ್ಲವಲ್ಲ, ಆಗ ಮಾತು ಕಿವಿಗೆ ಬಿತ್ತು. ಆಕೆ ಯಾವ ಅಕ್ಷರವನ್ನೂ ನುಂಗುತ್ತಿರಲಿಲ್ಲ. ಹಾಗೆಂದು ಕನ್ನಡ ಪಂಡಿತರ ಹಾಗೆ ಒತ್ತಿ ಒತ್ತಿ ಹೇಳಿ ಬೆವರು ಬರಿಸುತ್ತಲೂ ಇರಲಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ನಿಂತು ಮಾತಾಡಿದಷ್ಟು ಸಲೀಸು. ಅಷ್ಟರಲ್ಲೇ ಹಕಾರ, ಣಕಾರ, ಮಹಾಪ್ರಾಣ ಎಲ್ಲ ಅದರದರ ಜಾಗದಲ್ಲಿ. ಮುಂದೆ ಬರೆದದ್ದನ್ನು ಓದುತ್ತಿದ್ದರೂ ಓದಿದ ಹಾಗೆ ಕೇಳದು. ಮಕ್ಕಳಿಗೆ ಪಾಠ ಓದಿ ಹೇಳುವ ತಾಯಂದಿರಿಗೆ ಅದೆಷ್ಟು ಕಷ್ಟವೆಂದು ಗೊತ್ತು.

ಆಕೆ ಒಂದು ವಾಕ್ಯ ಹೇಳಿದರೆ ನಾನು ಸಾರಿನ ಸೌಟು ಹಿಡಿದುಕೊಂಡೇ ಮೆಲ್ಲಗೆ ಅದನ್ನು ತಿರುಗಿ ಹೇಳುತ್ತಿದ್ದೆ. ಹಾಡು, ಆಡಲ್ಲ. ಹತ್ತು ಗಂಟೆ, ಅತ್ತು ಅಲ್ಲ. ಧನ ಬೇರೆ, ದನ ಬೇರೆ. ಎಷ್ಟು ದಿನ ಒಗ್ಗರಣೆ ಸೀದಿತೋ ಲೆಕ್ಕವಿಲ್ಲ. ಅಂಗೈ ಹಿಡಿದು ಉಸಿರು ನೋಡುವ ಉಪಾಯವನ್ನೂ ಆಗಲೇ ನಾನಾಗಿ ಕಂಡುಕೊಂಡದ್ದು. ಒಂದೆರಡು ತಿಂಗಳಿಗೆ ಹಕಾರ ಬಂತು. ಬಂದದ್ದು ಹೆಚ್ಚಾಗಿಯೇ ಬಂತು! ಒಂದು ದಿನ ಅತ್ತೆಯವರಿಗೆ “ಹಕ್ಕಿ ತೊಳೆದು ಇಟ್ಟಿದ್ದೀನಿ, ಒಲೆ ಮೇಲೆ ಇಡ್ಲಾ?” ಎಂದೆ. ಅವರು ಒಂದು ಗಳಿಗೆ ಗಾಬರಿಯಾಗಿ ನನ್ನ ಮುಖ ನೋಡಿದರು, ನಮ್ಮದು ಶುದ್ಧ ಸಸ್ಯಾಹಾರದ ಮನೆ ನೋಡಿ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮನೆಯಲ್ಲಿ ನಾನು ಅವರ ಜೊತೆ ಸೇರಿ ನಕ್ಕದ್ದು ಅದೇ ಮೊದಲು.

ಮುಂದೆ ನಮ್ಮ ಬೀದಿಯ ಹೆಂಗಸರ ರಾಜ್ಯೋತ್ಸವದ ದಿನ, ಮಾತಾಡಬೇಕಾಗಿದ್ದವರು ಬರಲಿಲ್ಲವೆಂದು ನನ್ನ ಕೈಗೆ ಕಾಗದ ಕೊಟ್ಟು ನಿಲ್ಲಿಸಿದರು. ಕಾಲು ನಡುಗುತ್ತಿತ್ತು. ‘ಹಿರಿಯರೇ’ ಎಂದು ಶುರು ಮಾಡಬೇಕಿತ್ತು. ಮನಸ್ಸಿನಲ್ಲಿ ಅಪರ್ಣಾ ಹೇಗೆ ಹೇಳುತ್ತಾರೆಂದು ಒಂದು ಸಲ ಕೇಳಿಸಿಕೊಂಡು, ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನಾದಿನಿಯೇ ಮೊದಲು ಚಪ್ಪಾಳೆ ತಟ್ಟಿದಳು.

ಆಕೆಯ ವಿಚಾರ ನಿಮಗೂ ಗೊತ್ತಿದ್ದೀತು. ಹುಟ್ಟಿದ್ದು 1966ರಲ್ಲಿ. ತಂದೆ ಸಿನಿಮಾ ಪತ್ರಕರ್ತರು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಆಕೆಯ ಮೊದಲ ಚಿತ್ರ. ಸಿನಿಮಾದಲ್ಲೇ ಉಳಿದುಬಿಡಬಹುದಾಗಿತ್ತು, ರೂಪಕ್ಕೆ ಏನು ಕಡಿಮೆ? ಆದರೆ ಆಕೆಯನ್ನು ನಾಡು ಗುರುತಿಸಿದ್ದು ದೂರದರ್ಶನ ಮತ್ತು ಆಕಾಶವಾಣಿಯಿಂದ. 1998ರ ದೀಪಾವಳಿ ಕಾರ್ಯಕ್ರಮದಲ್ಲಿ ಒಂದೇ ಸಮನೆ ಎಂಟು ಗಂಟೆ ನಿರೂಪಣೆ ಮಾಡಿದ್ದನ್ನು ಜನ ಈಗಲೂ ಹೇಳಿಕೊಳ್ಳುತ್ತಾರೆ. ಎಂಟು ಗಂಟೆ! ನಾವು ಮದುವೆಮನೆಯಲ್ಲಿ ಎರಡು ಗಂಟೆ ಮಾತಾಡಿದರೆ ಮಾರನೆಯ ದಿನ ಗಂಟಲಿಗೆ ಕಷಾಯ. ಸರ್ಕಾರದ ದೊಡ್ಡ ಸಮಾರಂಭಗಳಲ್ಲಿ ಎಷ್ಟೋ ಸಲ ವೇದಿಕೆಯ ಬದಿಯಲ್ಲಿ ನಿಂತ ದನಿ ಆಕೆಯದೇ. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳು, 2013ರಲ್ಲಿ ಕನ್ನಡದ ಮೊದಲ ‘ಬಿಗ್ ಬಾಸ್’, ಆಮೇಲೆ ‘ಮಜಾ ಟಾಕೀಸ್’ನ ವರಲಕ್ಷ್ಮಿ.

ಈ ವರಲಕ್ಷ್ಮಿಯ ವಿಚಾರದಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷ. ಅತ್ತೆಯವರಿಗೆ ಬಹಳ ಇಷ್ಟ. ನನಗೋ ಅಷ್ಟಾಗಿ ಹಿಡಿಸಲಿಲ್ಲ. ಅಷ್ಟು ಗಂಭೀರವಾಗಿ ಮಾತಾಡುವಾಕೆ ಹೀಗೆ ಕುಣಿದು ನಗಿಸುವುದೇ ಎಂದು ಮುನಿಸು, ನಮ್ಮ ಮೇಡಂ ಶಾಲೆ ಬಿಟ್ಟು ಸಂತೆಯಲ್ಲಿ ಸಿಕ್ಕ ಹಾಗೆ. ಅತ್ತೆ ಒಂದೇ ಮಾತು ಹೇಳಿದರು: “ಅಷ್ಟು ವರ್ಷ ನೆಟ್ಟಗೆ ನಿಂತು ಮಾತಾಡಿದ್ದಾಳೆ, ಸ್ವಲ್ಪ ಹೊತ್ತು ಸೊಟ್ಟಗೆ ನಿಂತುಕೊಳ್ಳಲಿ ಬಿಡೆ.” ಆಮೇಲೆ ನಾನು ಗಮನವಿಟ್ಟು ಕೇಳಿದೆ. ಅಷ್ಟು ಗಲಾಟೆಯ ನಡುವೆಯೂ ಹಕಾರ ಮಾತ್ರ ಬಿದ್ದಿರಲಿಲ್ಲ.

ನಮ್ಮ ಈ ಪೂರ್ವದ ಕಡೆಯವರಿಗೆ ಆಕೆ ದಿನದಿನದ ದನಿಯಾದದ್ದು ‘ನಮ್ಮ ಮೆಟ್ರೋ’ದಿಂದ. ಆ ರೈಲು ಬೆಂಗಳೂರಿನಲ್ಲಿ ಮೊದಲು ಓಡಿದ್ದೇ ನಮ್ಮ ದಿಕ್ಕಿನಲ್ಲಿ. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ ದಾಟಿ ಬೈಯಪ್ಪನಹಳ್ಳಿಯವರೆಗೆ, ಆರೇ ನಿಲ್ದಾಣ. ಕೆ.ಆರ್. ಪುರದ ನಾವು ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಹೋಗಿ ಹತ್ತಬೇಕಾಗಿತ್ತು. ನಮ್ಮಲ್ಲಿಂದಲೇ ಹತ್ತುವ ಹಾಗಾದದ್ದು 2023ರ ಅಕ್ಟೋಬರ್ 9ರಿಂದ. ಆ ರೈಲಿನಲ್ಲಿ ಕನ್ನಡದಲ್ಲಿ ‘ಮುಂದಿನ ನಿಲ್ದಾಣ’ ಎನ್ನುವ ದನಿ ಅಪರ್ಣಾರದು.

ಈ ಹಲಸೂರೆಂಬ ಹೆಸರಿನ ಕತೆ ಹೇಳಲೇಬೇಕು. ಹಿಂದೆ ಅಲ್ಲಿ ಹಲಸಿನ ತೋಪು ಇತ್ತಂತೆ, ಅದರಿಂದ ಹಲಸೂರು ಎಂದು ಹಿರಿಯರು ಹೇಳುತ್ತಾರೆ. ಬ್ರಿಟಿಷರ ದಂಡು ಬಂದು ಪಕ್ಕದಲ್ಲಿ ಬೀಡುಬಿಟ್ಟಿತು. ಅವರ ಬಾಯಲ್ಲಿ ಅದು ಅಲ್ಸೂರ್ ಆಯಿತು. ದಂಡಿನ ಕಡೆಯ ತಮಿಳರು, ಉರ್ದು ಮಾತಿನವರು, ಕನ್ನಡದವರೂ ಹಾಗೇ ಅನ್ನತೊಡಗಿದರು. ನನ್ನ ಓರಗಿತ್ತಿಯ ಮನೆ ಅಲ್ಲೇ, ಸೋಮೇಶ್ವರ ದೇವಸ್ಥಾನದ ಹತ್ತಿರ. ಅವಳೂ ‘ಅಲ್ಸೂರಿಗೆ ಬಾ’ ಎಂದೇ ಕರೆಯುವವಳು. ಅಂಥ ಕಡೆ ರೈಲಿನಲ್ಲಿ ಆಕೆ ‘ಹಲಸೂರು’ ಎಂದು ಉಸಿರು ತುಂಬಿ ಹೇಳಿದ್ದನ್ನು ಮೊದಲ ಸಲ ಕೇಳಿದಾಗ ನನಗೆ ಎಂಥ ಹಿಗ್ಗು ಗೊತ್ತೆ? ನನ್ನಂತೆಯೇ ಹಕಾರ ಕಳೆದುಕೊಂಡಿದ್ದ ಒಂದು ಊರಿಗೂ ಆಕೆ ಅದನ್ನು ತಂದುಕೊಟ್ಟಂತಾಯಿತು.

ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಶುಕ್ರವಾರ ಬೆಳಿಗ್ಗೆ, ಹಾಲು ಕಾಯಿಸುವಾಗ. ಐವತ್ತೇಳು ವಯಸ್ಸು. ಶ್ವಾಸಕೋಶದ ಕ್ಯಾನ್ಸರ್. ಎರಡು ವರ್ಷದಿಂದ ಇತ್ತು ಎಂದು ಆಕೆಯ ಪತಿ, ವಾಸ್ತುಶಿಲ್ಪಿಯೂ ಲೇಖಕರೂ ಆದ ನಾಗರಾಜ ವಸ್ತಾರೆಯವರು ಹೇಳಿದಾಗಲೇ ನಮಗೆಲ್ಲ ತಿಳಿದದ್ದು. ಉಸಿರಿನಿಂದಲೇ ಬದುಕಿದಾಕೆಗೆ ಉಸಿರಿನ ಜಾಗಕ್ಕೇ ಕಾಯಿಲೆ. ಯಾರನ್ನು ಬೈಯುವುದು? ಬೀಡಿ ಸಿಗರೇಟು ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ ಎಂದು ವೈದ್ಯರು ಹೇಳುತ್ತಾರೆ. ನಾವು ಹೆಂಗಸರು ಕೆಮ್ಮಿಗೆ ಶುಂಠಿ ಕಷಾಯ ಕುಡಿದು ತಿಂಗಳು ತಳ್ಳುವವರು. ಮೂರು ವಾರ ದಾಟಿದ ಕೆಮ್ಮನ್ನು ಡಾಕ್ಟರಿಗೆ ತೋರಿಸಿ. ಇದನ್ನು ನನಗೂ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆ ವಾರ ನಾನು ಹೋದಲ್ಲೆಲ್ಲ ಇದೇ ಮಾತು. ಶಿವಾಜಿನಗರದಲ್ಲಿ ರವಿಕೆಗೆ ಗುಂಡಿ ತರಲು ಹೋಗಿದ್ದೆ. ಅಂಗಡಿಯ ಹುಡುಗಿಯ ಮನೆಮಾತು ಉರ್ದು. “ಆಂಟಿ, ‘ನಿಲ್ದಾಣ’ ಅನ್ನೋ ಮಾತು ನಾನು ಕಲ್ತಿದ್ದು ಅವರಿಂದ. ಅದಕ್ಕೆ ಮುಂಚೆ ಸ್ಟಾಪ್, ಸ್ಟೇಷನ್ನು, ಅಷ್ಟೇ” ಎಂದಳು. ನಾನು ಮಾತ್ರ ಏನು, ನಿಲ್ದಾಣ ಅನ್ನುತ್ತಿದ್ದೆನೆ? ಸೋಮೇಶ್ವರನ ಗುಡಿಯ ಬಳಿ ಹೂ ಮಾರುವ ಅಜ್ಜಿ ತಮಿಳಿನವರು. ಮೊಳ ಹಾಕುತ್ತ ಕೇಳಿದರು, “ರೈಲಲ್ಲಿ ಮಾತಾಡೋ ಅಮ್ಮ ಓಗ್ಬಿಟ್ರಂತೆ, ನಿಜಾನಾ?” ಆ ‘ಓಗ್ಬಿಟ್ರು’ ಕೇಳಿ ನನಗೆ ಮುಳಬಾಗಿಲೇ ಎದುರು ನಿಂತ ಹಾಗಾಯಿತು. ಹೌದಜ್ಜಿ ಎಂದೆ. ಅಜ್ಜಿ ಒಂದು ಮೊಳ ಹೆಚ್ಚಿಗೆ ಹಾಕಿದರು. ಕಾಸು ತೆಗೆದುಕೊಳ್ಳಲಿಲ್ಲ. ಅದು ಯಾರ ಲೆಕ್ಕಕ್ಕೆ ಎಂದು ನಾನೂ ಕೇಳಲಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಮಗಳು ಒಂದು ಸಂಗತಿ ಓದಿ ಹೇಳಿದಳು. ಲಂಡನ್ನಿನ ನೆಲದಡಿಯ ರೈಲಿನಲ್ಲಿ, ರೈಲಿಗೂ ಜಗಲಿಗೂ ನಡುವಿನ ಸಂದು ನೋಡಿಕೊಂಡು ಕಾಲಿಡಿ ಎಂಬ ಎಚ್ಚರಿಕೆ ಹೇಳುತ್ತಿದ್ದವರು ಆಸ್ವಾಲ್ಡ್ ಲಾರೆನ್ಸ್ ಎಂಬ ನಟರು. ಅವರು 2007ರಲ್ಲಿ ತೀರಿಕೊಂಡರು. ಅವರ ಹೆಂಡತಿ ಎಂಬ್ಯಾಂಕ್‌ಮೆಂಟ್ ಎಂಬ ನಿಲ್ದಾಣಕ್ಕೆ ಹೋಗಿ ಕೂತು ಗಂಡನ ದನಿ ಕೇಳಿ ಬರುತ್ತಿದ್ದರಂತೆ. 2012ರಲ್ಲಿ ಹೊಸ ಯಂತ್ರ ಬಂದು ಆ ದನಿ ನಿಂತುಹೋಯಿತು. ಆಕೆ ಹೋಗಿ ಕೇಳಿಕೊಂಡರು. ಅಧಿಕಾರಿಗಳು ಹಳೆಯ ಧ್ವನಿಮುದ್ರಣ ಹುಡುಕಿ, 2013ರಲ್ಲಿ ಆ ಒಂದು ನಿಲ್ದಾಣದಲ್ಲಿ ಮತ್ತೆ ಹಾಕಿದರು. ಇದನ್ನು ಕೇಳುತ್ತ ಅತ್ತೆಯವರು ಸೊಪ್ಪು ಬಿಡಿಸುವುದನ್ನೇ ನಿಲ್ಲಿಸಿಬಿಟ್ಟರು. ಎಂಬತ್ತು ದಾಟಿದ ಜೀವ, ಮಾವನವರು ಹೋಗಿ ಆರು ವರ್ಷ. ಅವರ ದನಿ ನಮ್ಮಲ್ಲಿ ಎಲ್ಲೂ ಇಲ್ಲ. ಮದುವೆಗಳ ವೀಡಿಯೊದಲ್ಲಿಯೂ ಓಲಗದ ಸದ್ದೇ. ಸ್ವಲ್ಪ ಹೊತ್ತಾದ ಮೇಲೆ, “ಆ ಹೆಂಗಸು ಕೇಳಿದ್ದು ಒಳ್ಳೇದಾಯ್ತು” ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು. ನಾನು ಆ ಸಂಜೆಯೇ ಮಗಳಿಗೆ ಹೇಳಿ, ಅತ್ತೆ ಬಿಸಿಬೇಳೆ ಬಾತಿನ ಪುಡಿಗೆ ಅಳತೆ ಹೇಳುವುದನ್ನು ಮೊಬೈಲಿನಲ್ಲಿ ಹಿಡಿಸಿದೆ. ಪುಡಿಯ ನೆಪ. ನಿಮ್ಮ ಮನೆಯಲ್ಲೂ ಮಾಡಿಕೊಳ್ಳಿ. ಕೇಳಿದರೆ ಹಿರಿಯರು ಮಾತಾಡುವುದಿಲ್ಲ, ಅಳತೆ ತಪ್ಪು ಹೇಳಿ ನೋಡಿ, ತಾವಾಗಿ ಶುರು ಮಾಡುತ್ತಾರೆ!

ಅದಾದ ಮುಂದಿನ ಮಂಗಳವಾರ ಓರಗಿತ್ತಿಯ ಮನೆಗೆ ಹೊರಟೆ. ಕೆ.ಆರ್. ಪುರದಲ್ಲಿ ಹತ್ತಿದಾಗ ಜನ ಕಿಕ್ಕಿರಿದಿದ್ದರು. ನಿಂತೇ ಹೋದೆ. ಎಲ್ಲರ ಕಿವಿಗೂ ಅದೇನೋ ಸಿಕ್ಕಿಸಿಕೊಂಡಿದ್ದರು, ಯಾರಿಗೂ ಏನೂ ಕೇಳಿಸುತ್ತಿಲ್ಲವೇನೋ ಎಂದುಕೊಂಡೆ. ಇಂದಿರಾನಗರ ಬಿಟ್ಟಿತು. ಮುಂದಿನ ನಿಲ್ದಾಣ ಎಂದರು ಅಪರ್ಣಾ, ಹಲಸೂರು ಎಂದರು. ದನಿಯಲ್ಲಿ ಏನೂ ಬದಲಾಗಿಲ್ಲ, ಅದೇ ಸಮಾಧಾನ, ಅದೇ ಉಸಿರು. ಪಕ್ಕದಲ್ಲಿ ನಿಂತಿದ್ದ, ನನಗಿಂತ ಹಿರಿಯ ಹೆಂಗಸೊಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡರು. ನನ್ನ ಕಡೆ ನೋಡಿ, “ನೀವೂ ಇಲ್ಲೇ ಇಳಿಯೋದಾ?” ಎಂದರು.

“ಹೂಂ, ಹಲಸೂರು” ಎಂದೆ.

ಇಬ್ಬರೂ ಜೊತೆಗೇ ಮೆಟ್ಟಿಲಿಳಿದು ಬಂದೆವು. ಓರಗಿತ್ತಿಯ ಮನೆಯಲ್ಲಿ ಹಲಸಿನ ಬೀಜದ ಹುಳಿ ಆಗಲೇ ಒಲೆಯ ಮೇಲೆ ಕುದಿಯುತ್ತಿತ್ತು.