ಆತ್ಮಿಕ ವರ, ಪ್ರೀತಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಹೊಸೂರು–ರಾಯಕೋಟೆ ದಾರಿಯ ಉದ್ದನಪಲ್ಲಿ ಸುತ್ತಮುತ್ತ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳೇ. ನಮ್ಮ ಈ ಗಡಿ ಸೀಮೆಯ ಕ್ರೈಸ್ತರಲ್ಲಿ ಆತ್ಮಿಕ ವರಗಳ ಮಾತು ಬಂದರೆ ಆಸೆಯ ಜೊತೆಗೆ ಅಂಜಿಕೆಯೂ ಬರುತ್ತದೆ, ವದಂತಿಯೂ ಬರುತ್ತದೆ. ಪೌಲನು ಸುಮಾರು ಕ್ರಿ.ಶ. 55ರಲ್ಲಿ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 12, 13, 14ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ ಬಹುಪಾಲು ಗೊಂದಲ ತೀರುತ್ತದೆ. ನಾವೋ, ಪ್ರೀತಿಯ ಬಗೆಗಿನ 13ನ್ನು ಮದುವೆಗೆ, ವರಗಳ ಬಗೆಗಿನ ಉಳಿದೆರಡನ್ನು ಉಪವಾಸ ಕೂಟಕ್ಕೆ ಎಂದು ಹಂಚಿಬಿಟ್ಟಿದ್ದೇವೆ.

ತಪ್ಪು ಕಲ್ಪನೆ 1: ಅನ್ಯಭಾಷೆ ಆಡದವರಿಗೆ ಪವಿತ್ರಾತ್ಮನ ಅಭಿಷೇಕ ಆಗಿಲ್ಲ.

ವಾಸ್ತವ: ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯವನ್ನು ಆಧಾರವಾಗಿಟ್ಟು ಹೀಗೆ ಬೋಧಿಸುವ ಸಭೆಗಳಿವೆ. ಆದರೆ ಎಲ್ಲರೂ ಅನ್ಯಭಾಷೆ ಆಡುತ್ತಾರೆಯೇ ಎಂದು 12ನೇ ಅಧ್ಯಾಯದ ಕೊನೆಯಲ್ಲಿ ಕೇಳುವವನು ಪೌಲನೇ. ಇಲ್ಲ ಎಂಬುದೇ ಅವನು ನಿರೀಕ್ಷಿಸುವ ಉತ್ತರ. ಇದಕ್ಕೊಂದು ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ನಡೆಸುತ್ತಿದ್ದರು. ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದ ಆ ಮನೆಯಲ್ಲಿ 1905ರಲ್ಲಿ ಆರಂಭವಾದ ಉಜ್ಜೀವನದಲ್ಲಿ ಅನ್ಯಭಾಷೆಯೂ ಕೇಳಿಬಂತು. ರಮಾಬಾಯಿ ಅದನ್ನು ತಳ್ಳಿಹಾಕಲಿಲ್ಲ, ಎಲ್ಲರಿಗೂ ಕಡ್ಡಾಯವೆನ್ನಲೂ ಇಲ್ಲ. ಇರಲೇಬೇಕಾದ ಗುರುತು ಪ್ರೀತಿ ಎಂದರು.

ತಪ್ಪು ಕಲ್ಪನೆ 2: ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ ಅನ್ಯಭಾಷೆ ಆಡಿದಷ್ಟೂ ಆತ್ಮನ ಬಲ ಹೆಚ್ಚು.

ವಾಸ್ತವ: 14ನೇ ಅಧ್ಯಾಯದ ಕಟ್ಟಳೆ ಬೇರೆ. ಇಬ್ಬರು, ಹೆಚ್ಚೆಂದರೆ ಮೂವರು ಒಬ್ಬರಾದ ಮೇಲೊಬ್ಬರು ಆಡಬೇಕು, ಒಬ್ಬರು ಅರ್ಥ ಹೇಳಬೇಕು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ನಮ್ಮ ಕಡೆ ತಮಿಳು ಪ್ರಸಂಗಿ ಬಂದರೆ ಮಗ್ಗುಲಲ್ಲಿ ಇನ್ನೊಬ್ಬರು ಮೈಕು ಹಿಡಿದು ವಾಕ್ಯಕ್ಕೆ ವಾಕ್ಯ ಕನ್ನಡದಲ್ಲೋ ತೆಲುಗಿನಲ್ಲೋ ಹೇಳುತ್ತಾ ಹೋಗುತ್ತಾರೆ. ಹಿಂದೆ ಚಾಪೆಯ ಮೇಲೆ ಕೂತ ಅಜ್ಜಿಗೂ ತಿಳಿಯಲಿ ಎಂಬ ಕಾಳಜಿ ಅದು. ಪೌಲನ ಕಟ್ಟಳೆಯ ಹಿಂದಿರುವುದೂ ಅದೇ ಕಾಳಜಿ.

ತಪ್ಪು ಕಲ್ಪನೆ 3: ಪ್ರಾರ್ಥನೆಯಾದ ಮೇಲೂ ಮಾತ್ರೆ ನುಂಗುವುದು ಅಪನಂಬಿಕೆ, ವಾಸಿಯಾಗದಿದ್ದರೆ ರೋಗಿಗೆ ವಿಶ್ವಾಸ ಸಾಲದು.

ವಾಸ್ತವ: ಇದು ಪ್ರಾಣಕ್ಕೆ ಕುತ್ತು ತರುವ ಕಲ್ಪನೆ. ಪೌಲನ ಜೊತೆಗಾರ ತ್ರೊಫಿಮ ಮಿಲೇತದಲ್ಲಿ ಕಾಯಿಲೆಯಾಗಿಯೇ ಉಳಿದ. ಪದೇ ಪದೇ ಅಸ್ವಸ್ಥನಾಗುತ್ತಿದ್ದ ತಿಮೊಥೆಯನಿಗೆ ಪೌಲ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ಕುಡಿಯಲು ಹೇಳಿದ. ಇವರಿಗೆ ವಿಶ್ವಾಸವಿರಲಿಲ್ಲವೆಂದು ಯಾರು ಹೇಳಿಯಾರು? ಕ್ಷಯದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯುತ್ತದೆ. ಆಗಲೇ ವಾಸಿಯಾಯಿತೆಂದು ಸಾಕ್ಷಿ ಹೇಳಿ ಮಾತ್ರೆ ಬಿಟ್ಟರೆ ರೋಗ ಮರುಕಳಿಸಬಹುದು, ರೋಗಾಣು ಮದ್ದಿಗೆ ಬಗ್ಗದಂತೆ ಬಲಿಯಬಹುದು, ಮನೆಮಂದಿಗೂ ಅಂಟಬಹುದು. ಪ್ರಾರ್ಥಿಸೋಣ, ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡೋಣ. ವಾಸಿಯಾಗದವರ ಮೇಲೆ ತಪ್ಪು ಹೊರಿಸುವುದು ಪ್ರೀತಿಯಲ್ಲ.

ತಪ್ಪು ಕಲ್ಪನೆ 4: ಪ್ರವಾದನೆಯನ್ನು ಪ್ರಶ್ನಿಸಿದರೆ ಶಾಪ ತಟ್ಟುತ್ತದೆ.

ವಾಸ್ತವ: ಪ್ರಶ್ನಿಸಬೇಕೆಂಬುದೇ ವಾಕ್ಯದ ಅಪ್ಪಣೆ. ಪ್ರವಾದಿಗಳು ಇಬ್ಬರು ಮೂವರು ಮಾತಾಡಲಿ, ಮಿಕ್ಕವರು ವಿವೇಚಿಸಲಿ ಎನ್ನುತ್ತದೆ 14ನೇ ಅಧ್ಯಾಯ. ಪ್ರವಾದನೆಯನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಎಂದು ಥೆಸಲೋನಿಕದವರಿಗೂ ಪೌಲ ಬರೆದ. ಇಂಥವರನ್ನೇ ಮದುವೆಯಾಗು, ಹೊಲ ಮಾರು ಎಂಬ ಮಾತು ಬಂದರೆ ಹಿರಿಯರ ಮುಂದಿಟ್ಟು ತೂಗಿ ನೋಡುವುದು ದ್ರೋಹವಲ್ಲ. ಪ್ರವಾದನೆಯ ಕೆಲಸ ಜನರನ್ನು ಕಟ್ಟುವುದು, ಸಂತೈಸುವುದು. ಹೆದರಿಸಿ ಬಗ್ಗಿಸುವ ಮಾತಿಗೆ ಆ ಲಕ್ಷಣವಿಲ್ಲ.

ತಪ್ಪು ಕಲ್ಪನೆ 5: ದೊಡ್ಡ ಕಾಣಿಕೆ ಕೊಟ್ಟರೆ ವರ ಬೇಗ ಸಿಗುತ್ತದೆ, ಪ್ರಾರ್ಥಿಸಿದ ಎಣ್ಣೆ ಬಾಟಲಿಗೆ ಬೆಲೆ ಕಟ್ಟಿದರೂ ಸರಿಯೇ.

ವಾಸ್ತವ: ಸಮಾರ್ಯದ ಸೀಮೋನ ಹಣ ತಂದು ಪವಿತ್ರಾತ್ಮನನ್ನು ಕೊಡುವ ಅಧಿಕಾರ ಕೇಳಿದಾಗ ಪೇತ್ರ ಅವನನ್ನು ಗದರಿಸಿದ. ಕಾಣಿಕೆ ಕೃತಜ್ಞತೆಯಿಂದ ಕೊಡುವಂಥದ್ದು, ವರದ ಬೆಲೆಯಲ್ಲ. ಉಚಿತವಾಗಿ ಹೊಂದಿದ್ದನ್ನು ಉಚಿತವಾಗಿಯೇ ಕೊಡಬೇಕೆಂದು ಶಿಷ್ಯರಿಗೆ ಹೇಳಿದ್ದು ಯೇಸು. ಮಂತ್ರಶಕ್ತಿಯಿಂದ ರೋಗ ವಾಸಿಮಾಡುತ್ತೇವೆಂಬ ಜಾಹೀರಾತಿಗೆ ದೇಶದ 1954ರ ಕಾನೂನೂ ಕಡಿವಾಣ ಹಾಕಿದೆ.

ತಪ್ಪು ಕಲ್ಪನೆ 6: ಇಷ್ಟೆಲ್ಲ ತೊಡಕಿದ್ದ ಮೇಲೆ ಪ್ರೀತಿಯೊಂದಿದ್ದರೆ ಸಾಕು, ವರಗಳ ಗೊಡವೆಯೇ ಬೇಡ.

ವಾಸ್ತವ: ಪ್ರೀತಿಯನ್ನು ಬೆನ್ನಟ್ಟಿ, ವರಗಳನ್ನೂ ಆಸಕ್ತಿಯಿಂದ ಬಯಸಿ ಎಂದು ಪೌಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ವರವೆಂದರೆ ವೇದಿಕೆಯ ಮೇಲಿನದ್ದಷ್ಟೇ ಎಂದುಕೊಂಡಿದ್ದರಿಂದಲೇ ನಮಗೆ ಬೇಸರ ಹುಟ್ಟಿದ್ದು. ಅವನ ಪಟ್ಟಿಯಲ್ಲಿ ರೋಗ ಗುಣಪಡಿಸುವುದರ ಪಕ್ಕದಲ್ಲೇ ಸಹಾಯ ಮಾಡುವುದೂ ಇದೆ, ಕಾರ್ಯ ನಿರ್ವಹಿಸುವುದೂ ಇದೆ. ಬಾಣಂತಿಯ ಮನೆಗೆ ಅಡುಗೆ ಒಯ್ಯುವ ಅಕ್ಕ, ಸಭೆಯ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುವ ಅಣ್ಣ, ಇವರಿಗೂ ವರವಿದೆ. ಪ್ರೀತಿ ಇಲ್ಲದೆ ವರ ವ್ಯರ್ಥ. ವರವನ್ನು ಅಡಗಿಸಿಟ್ಟರೆ ಪ್ರೀತಿಗೆ ಕೈಕಾಲು ಬರುವುದಿಲ್ಲ. ಆದ್ದರಿಂದ ನಮಗೆ ಯಾವ ವರ ಬಂತು ಎಂದು ಕೇಳಿಕೊಳ್ಳುವಾಗ, ಅದರಿಂದ ಯಾರ ಭಾರ ಇಳಿಯಿತು ಎಂದೂ ಕೇಳಿಕೊಳ್ಳೋಣ.